ಅಂದಾನೆಪ್ಪನ ಮೀನರಂಗೋಲಿ

ಎಲ್ಲದಕ್ಕೂ ಕಾರಣ ಗೇಣುದ್ದವೂ ಇಲ್ಲದ ಒಂದು ಮೀನು.

ರಾಮದುರ್ಗದ ತನ್ನ ಓಣಿಯಲ್ಲಿ ಜಾಣನೆಂದರೆ ತಾನೇ ಎಂಬುದು ಅಂದಾನೆಪ್ಪನ ಹೆಮ್ಮೆ. ಮೊಬೈಲಿನಲ್ಲಿ ಕಂಡ ವಿಜ್ಞಾನವನ್ನು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಹಂಚದಿದ್ದರೆ ಅವನಿಗೆ ಚಹಾ ಗಂಟಲಲ್ಲಿ ಇಳಿಯದು.

"ಜಪಾನದ ಸಮುದ್ರದಾಗ ಒಂದು ಮೀನು ಐತಿ. ತಳದ ಉಸುಕಿನಾಗ ರಂಗೋಲಿ ಹಾಕತೈತಿ! ಗವಿಯೊಳಗ ಮನಷ್ಯಾ ಕೈಮುದ್ರಿ ಒತ್ತಿ ಸಾವಿರಾರು ವರ್ಷ ಆತು ಅಂತ ನಾವು ಬೀಗತೇವಿ. ಈ ಮೀನಿಗೆ ಯಾವ ಸಾಲಿ ಕಲಿಸಿತು, ಹೇಳ್ರಿ?"

"ಹೆಣ್ಣು ಮೀನೇನ್ರಿ?" ಅಂಗಳದಲ್ಲಿ ಚುಕ್ಕೆ ಇಡುತ್ತಿದ್ದ ಹೆಂಡತಿ ರಾಚವ್ವ ಕೇಳಿದಳು.

"ಗಂಡು! ಹೆಣ್ಣು ಬಂದು ಬರೇ ನೋಡತೈತಿ, ಮನಸಿಗಿ ಬಂತೋ ಇಲ್ಲೋ ಅಂತ."

ರಾಚವ್ವ ರಂಗೋಲಿ ಬಟ್ಟಲನ್ನು ತಂದು ಅವನ ಮುಂದಿಟ್ಟಳು. "ಹಂಗಾರ ಇವತ್ತ ನೀವಾ ಹಾಕ್ರಿ."

ಎದುರು ಮನೆಯ ಶಟ್ಟೆವ್ವ ಬಾಗಿಲಿಗೇ ಬಂದಳು. "ಅಣ್ಣಾರ, ಮೀನಿಗೆ ಬರೂದು ನಿಮಗ ಬರೂದಿಲ್ಲೇನ?"

ಅವಳ ಗಂಡ ಉಳವಪ್ಪ ಬೇವಿನಕಡ್ಡಿ ಕಚ್ಚಿಕೊಂಡೇ ಸಾರಿದ: "ಬರದಿದ್ರ ನಾಳಿಂದ ಕಟ್ಟಿ ಮ್ಯಾಲಿನ ಭಾಷಣ ಬಂದ್!"

ಇನ್ನು ಮಾನದ ಪ್ರಶ್ನೆ. ಆದರೆ ಪುಡಿ ಅವನ ಬೆರಳಿನಿಂದ ಎಳೆಯಾಗಿ ಇಳಿಯಲೊಲ್ಲದು; ಝುಣಕದ ಮುದ್ದೆಯಂತೆ ದೊಪ್ಪೆಂದು ಬಿತ್ತು. ಇಟ್ಟ ನಾಲ್ಕು ಚುಕ್ಕೆಗಳನ್ನು ಶಟ್ಟೆವ್ವನ ಆಡು ಬಂದು ಸೀನಿ ಹಾರಿಸಿತು.

ಆಗ ಹೊಳೆಯಿತು: ಮೀನಿಗೆ ಬೆರಳೆಲ್ಲಿವೆ? ಉಳವಪ್ಪ ಮನೆ ಕಟ್ಟಲು ತರಿಸಿದ್ದ ಉಸುಕನ್ನು ಅಂಗಳಕ್ಕೆ ಹರವಿ, ಧೋತರ ಎತ್ತಿ ಕಟ್ಟಿ, ನಡುವೆ ಕುಂಡೆಯೂರಿದ ಅಂದಾನೆಪ್ಪ, ಹಿಮ್ಮಡಿಯಿಂದ ಗೆರೆ ಕೊರೆಯುತ್ತ ಗಾಣದೆತ್ತಿನ ಹಾಗೆ ಸುತ್ತತೊಡಗಿದ.

"ಬಾಲಾ ಅಲ್ಲಾಡಸ್ರಿ, ಅಣ್ಣಾರ!" ಶಟ್ಟೆವ್ವ ಕೂಗಿದಳು.

ಮೀನು ಚಿಪ್ಪಿನ ಚೂರು ಇಡುತ್ತದಂತೆ. ಇವನು ಗೆರೆಗಳ ಮೇಲೆ ಶೇಂಗಾದ ಸಿಪ್ಪೆ ಇಟ್ಟ. ಎದ್ದು ನೋಡಿದರೆ ನಿಜಕ್ಕೂ ಸೂರ್ಯಕಾಂತಿ ಹೂವಿನಂಥ ಚಕ್ರ! ನಗುತ್ತಿದ್ದವರೇ ಫೋಟೋ ಹೊಡೆದುಕೊಂಡರು.

"ನಾ ಸೋತೆ, ಅಂದಾನೆಪ್ಪಣ್ಣ. ಕಟ್ಟಿ ನಿಂದಾ!" ಎಂದ ಉಳವಪ್ಪ.

ಅಂದಾನೆಪ್ಪನ ಎದೆ ಹಬ್ಬದ ಹೋಳಿಗೆಯಂತೆ ಉಬ್ಬಿತು. ರಂಗೋಲಿಯ ಅಂಚಿಗೆಂದು ರಾಚವ್ವ ಕಲಸಿಟ್ಟಿದ್ದ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ, ಗವಿಮಾನವನ ಗತ್ತಿನಲ್ಲಿ ಗೋಡೆಗೆ ಒತ್ತಿ ಕೇಳಿದ: "ಮನಸಿಗಿ ಬಂತೇನ, ರಾಚವ್ವಾ?"

"ಭಾಳ ಬಂತ್ರಿ." ಒಳಹೋದ ರಾಚವ್ವ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ಹೊರಬಂದಳು. ರಜೆಗೆ ಬಂದಿದ್ದ ಇಬ್ಬರು ಮೊಮ್ಮಕ್ಕಳನ್ನು ತಂದು ಚಕ್ರದ ನಟ್ಟನಡುವೆ ಕೂರಿಸಿದಳು. "ನಾ ಚಚಡಿಗೆ ಹೊಂಟೇನಿ, ತಂಗಿ ಮನಿಗೆ."

"ಇವರನ್ನ?"

"ನೀವು ಆ ಮೀನಿನ ವಿಡಿಯೋ ಅರ್ಧಾಕ್ಕ ಬಿಟ್ಟಿದ್ರಿ. ನಾ ಪೂರಾ ನೋಡೇನಿ. ರಂಗೋಲಿ ಪಾಸಾತಂದ್ರ ಹೆಣ್ಣು ಅದರ ನಡುವ ತತ್ತಿ ಇಟ್ಟು ಹೋಗಿಬಿಡತೈತಿ. ಕಾಯೂದು ಗಂಡಿನ ಕೆಲಸ!"

ಅವಳು ಓಣಿಯ ತಿರುವು ದಾಟಿದಳು. ಉಳವಪ್ಪ ಮೆಲ್ಲಗೆ ಕೇಳಿದ: "ಅಣ್ಣಾ, ಆ ಹೆಣ್ಣು ತಿರುಗಿ ಯಾವಾಗ ಬರತೈತಿ?"

ಅಂದಾನೆಪ್ಪ ವಿಡಿಯೋವನ್ನು ಕಡೆಯವರೆಗೂ ಓಡಿಸಿ ನೋಡಿದ.

"ಬರೂದು ತೋರಿಸೇ ಇಲ್ಲೋ, ಮಾರಾಯಾ."