ಬೀಗರ ಬಸ್ಸು ನಮ್ಮ ಬೀದಿಗೆ ಬಂದದ್ದು

ಅಣ್ಣನ ಮಗಳು ಕಾವ್ಯಳ ಬೀಗರ ಊಟಕ್ಕೆ ಕಾರ್ಡು ಬೇಡ ಎಂದವನು ನಾನೇ. ಮದುವೆಯಾದ ಮೇಲೆ ಗಂಡಿನ ಕಡೆಯವರನ್ನು ಕರೆದು ಮುದ್ದೆ, ಮಾಂಸದ ಸಾರು ಬಡಿಸುವ ಈ ಊಟ ನಮ್ಮಲ್ಲಿ ಮದುವೆಗಿಂತ ಗಂಭೀರವಾದ ವಿಷಯ. ಮುಹೂರ್ತ ತಡವಾದರೆ ಬೀಗರು ಕ್ಷಮಿಸುತ್ತಾರೆ. ಸಾರು ತಡವಾದರೆ ಇಲ್ಲ!

"ಈ ಕಾಲದಲ್ಲಿ ಕಾರ್ಡ್ ಯಾಕಣ್ಣ? ಒಂದು ವೆಬ್‌ಸೈಟ್ ಮಾಡ್ತೀನಿ. ಲಿಂಕ್ ಕಳಿಸಿದ್ರೆ ಮುಗೀತು," ಎಂದೆ.

ಅಣ್ಣ ನಂಬಿದ. ಕುಂದಾಣದಲ್ಲಿ ದ್ರಾಕ್ಷಿ ಬೆಳೆಯುವ ಅವನಿಗೆ, ದೊಡ್ಡಬಳ್ಳಾಪುರದಲ್ಲಿರುವ ತಮ್ಮನಿಗೆ ಎಲ್ಲವೂ ಗೊತ್ತು ಎಂಬ ಭ್ರಮೆ.

ಪುಟ ಸಿದ್ಧವಾಯಿತು. ಮೇಲೆ ಗಂಡು ಹೆಣ್ಣಿನ ಹೆಸರು. ನಡುವೆ, ಊಟ ನಡೆಯಲಿದ್ದ, ಕುಂದಾಣದ ಆಚೆಗಿರುವ ನಮ್ಮ ಮಾವಿನ ತೋಪಿಗೆ ದಾರಿ ತೋರುವ ನಕ್ಷೆ. ತೀರಾ ಕೆಳಗೆ, ದಪ್ಪ ಅಕ್ಷರದಲ್ಲಿ, 'ವಿನ್ಯಾಸ ಮತ್ತು ನಿರ್ಮಾಣ: ಚಂದ್ರಶೇಖರ', ಅದರಡಿ ನನ್ನ ಮನೆಯ ಪೂರ್ತಿ ವಿಳಾಸ. ಕಲಾವಿದ ಸಹಿ ಹಾಕದೆ ಇರಲಾದೀತೇ? ನನ್ನ ಫೋನಿನಲ್ಲಿ ತೆರೆದು ನೋಡಿದೆ. ಅದ್ಭುತ! ದಿನ, ಹೊತ್ತು ಬೀಗರಿಗೆ ಮೊದಲೇ ಗೊತ್ತಿತ್ತು, ಬೇಕಿದ್ದದ್ದು ಜಾಗವೊಂದೇ. ಲಿಂಕ್ ಕಳಿಸಿದೆ.

ಇಲ್ಲಿಯವರೆಗೆ ನನ್ನ ನೆನಪು ಬಹಳ ಅಚ್ಚುಕಟ್ಟಾಗಿ ತೆರೆದುಕೊಳ್ಳುತ್ತದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಹೆಂಡತಿ ಲಲಿತಳ ನೆನಪಿನಲ್ಲಿ ಇದೇ ಸಂಗತಿ ಹೀಗೆ ತೆರೆದುಕೊಳ್ಳುತ್ತದೆ:

"ರೀ, ನನ್ನ ಫೋನಲ್ಲಿ ನಕ್ಷೆ ಇಲ್ಲ, ಹುಡುಗ ಹುಡುಗಿ ಹೆಸರೂ ಇಲ್ಲ. ಬರೀ ನಿಮ್ಮ ಹೆಸರು, ನಮ್ಮನೆ ಅಡ್ರೆಸ್ ಬರ್ತಿದೆ."

"ನಿನ್ನ ಬ್ರೌಸರ್ ಸರಿ ಇಲ್ಲ ಕಣೆ. ಬೇರೆ ಬ್ರೌಸರಲ್ಲಿ ನೋಡು."

"ಬೀಗರಿಗೂ ಹಿಂಗೇ ಹೇಳ್ತೀರಾ?"

ಈ ಮಾತು ನಡೆದ ನೆನಪು ನನಗಿಲ್ಲ. ಆದ್ದರಿಂದ ನಡೆದಿರಲೇಬೇಕು.

ಊಟದ ದಿನ ಕಾಲು ಉಳುಕಿದ್ದ ಲಲಿತಳನ್ನು ಮನೆಯಲ್ಲೇ ಬಿಟ್ಟು ನಾನು ತೋಪಿಗೆ ಹೋದೆ. ಕಾವ್ಯ ಮತ್ತು ಅಳಿಯ ಹಿಂದಿನ ದಿನವೇ ಅಣ್ಣನ ಮನೆಗೆ ಬಂದಿದ್ದರು. ಶಾಮಿಯಾನ ಸಿದ್ಧ, ಎಲೆ ಸಿದ್ಧ, ಸಾರು ಕುದಿಯುತ್ತಿತ್ತು. ಬೀಗರಿಲ್ಲ. ಅಣ್ಣ ರಸ್ತೆಗೂ ಒಲೆಗೂ ಓಡಾಡುತ್ತಿದ್ದ. ಆಗ ಲಲಿತಳ ಫೋನು ಬಂತು.

"ಒಂದು ಬಸ್ ತುಂಬ ಬೀಗರು ಬಂದು ನಮ್ಮನೆ ಮುಂದೆ ಇಳಿದಿದ್ದಾರೆ ಕಣ್ರೀ! ಊಟ ಎಲ್ಲಿ ಅಂತ ಕೇಳ್ತಿದ್ದಾರೆ."

"ಅದೇ ಬಸ್ಸಲ್ಲಿ ಇಲ್ಲಿಗೆ ಕಳ್ಸು!"

"ಡ್ರೈವರ್‌ಗೆ ಏರ್‌ಪೋರ್ಟ್ ಸ್ಟಾಫ್ ಟ್ರಿಪ್ ಇದ್ಯಂತೆ. ಇಳಿಸಿ ಹೊರಟೋದ."

ಅಣ್ಣ ಶಾಮಿಯಾನದ ಕಂಬ ಹಿಡಿದುಕೊಂಡ. "ಲೇ ಚಂದ್ರ, ಗಂಡಿನ ದೊಡ್ಡಪ್ಪ ಮುನಿಶಾಮಣ್ಣ ಮದುವೇಲಿ ಹಪ್ಪಳ ತಡ ಆಯ್ತು ಅಂತ ಪಂಕ್ತಿಯಿಂದ ಎದ್ದೋದೋರು. ನನ್ನ ಮಗಳು ಆ ಮನೇಲಿ ಬಾಳ್ಬೇಕು ಕಣೋ!"

ಕಾವ್ಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನನ್ನನ್ನೇ ನೋಡಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆಗ ನಾನು ಧೈರ್ಯಗೆಡದೆ ಮುನಿಶಾಮಣ್ಣನವರಿಗೆ ಫೋನು ಮಾಡಿ, ತಾಂತ್ರಿಕ ಅಡಚಣೆಗಾಗಿ ವಿಷಾದ ವ್ಯಕ್ತಪಡಿಸಿ, ಪುಟವನ್ನು ಇನ್ನೊಂದು ಬ್ರೌಸರಿನಲ್ಲಿ ವೀಕ್ಷಿಸಬೇಕೆಂದು ವಿನಂತಿಸಿದೆ.

"ಏನಪ್ಪಾ, ಹೊಸಕೋಟೆಯಿಂದ ಹಸ್ಕೊಂಡು ಬಂದಿದೀವಿ. ಮುದ್ದೆ ನುಂಗಕ್ಕೂ ಬೇರೆ ಬ್ರೌಸರ್ ಬೇಕಾ?" ಎಂದರು.

ವಿಷಾದದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಅರ್ಥವಾಯಿತು. ಬೀಗರು ತೋಪಿಗೆ ಬರಲಾಗದಿದ್ದರೆ ತೋಪೇ ಬೀಗರ ಬಳಿಗೆ ಹೋಗಬೇಕು! ಸಿಕ್ಕಿದ ಗೂಡ್ಸ್ ಟೆಂಪೋಗೆ ಹುಲ್ಲು ಹಾಸಿ, ಮುದ್ದೆ, ಸಾರು, ಅನ್ನ, ಎಲೆ, ಅಡುಗೆಯವರು, ಅಣ್ಣ, ಗಂಡು ಹೆಣ್ಣು ಎಲ್ಲವನ್ನೂ ಎಲ್ಲರನ್ನೂ ಏರಿಸಿದೆವು. ಸಾರಿನ ಹಂಡೆಯನ್ನು ತಬ್ಬಿ ಕೂರುವ ಜವಾಬ್ದಾರಿ ಪುಟದ ನಿರ್ಮಾತೃವಿಗೆ ಬಂತು. ದಾರಿಯುದ್ದಕ್ಕೂ ಒಂದು ಹನಿಯೂ ಚೆಲ್ಲಲಿಲ್ಲ ಎಂದು ನನ್ನ ನೆನಪು. ನನ್ನ ಅಂಗಿಯ ನೆನಪು ಬೇರೆ.

ನಮ್ಮ ಬೀದಿಯ ತಿರುವಿಗೆ ಬಂದರೆ, ಸದ್ದೇ ಇಲ್ಲ! ಹಗಲು ಹೊತ್ತು ಮಗ್ಗಗಳ ಸದ್ದಿಲ್ಲದ ನಮ್ಮ ನೇಕಾರರ ಬೀದಿಯನ್ನು ನಾನು ಕಂಡಿರಲಿಲ್ಲ. ಬೀಗರು ಮುನಿಸಿಕೊಂಡು ಹೋಗಿಬಿಟ್ಟರು ಎಂದುಕೊಂಡೆ.

ಹೋಗಿರಲಿಲ್ಲ. ಪಕ್ಕದ ಮನೆಯ ನಾರಾಯಣಪ್ಪ, ಬೀಗರ ಮಾತು ಬೀಗರಿಗೇ ಕೇಳಿಸುತ್ತಿಲ್ಲ ಎಂದು ತನ್ನ ಪವರ್‌ಲೂಮ್ ನಿಲ್ಲಿಸಿದ್ದ. ಅದನ್ನು ನೋಡಿ ಎದುರು ಮನೆ, ಆಮೇಲೆ ಇಡೀ ಸಾಲು. ಬೀದಿ ಗುಡಿಸಿ, ನೀರು ಚಿಮುಕಿಸಿ, ಚಾಪೆ ಹಾಸಿದ್ದರು. ಯಾರ ಮನೆಯಿಂದಲೋ ಮಜ್ಜಿಗೆ, ಯಾರ ಮನೆಯಿಂದಲೋ ಕೋಡುಬಳೆ. ಲಲಿತ ಕಾಲನ್ನು ಸ್ಟೂಲಿನ ಮೇಲಿಟ್ಟು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು.

"ಏನ್ ಗುರು," ಎಂದ ನಾರಾಯಣಪ್ಪ, ಹಂಡೆಗೆ ಕೈ ಕೊಡುತ್ತಾ, "ಮುಂದಿನ ಸಲ ಮೊದ್ಲೇ ಹೇಳು. ಮಗ್ಗಾನೇ ಕಿತ್ತು ಜಾಗ ಮಾಡ್ತೀವಿ."

ಹಂಡೆ ಇಳಿಸಿ ಕಣ್ಣೊರೆಸಿಕೊಂಡೆ. ಸಾರಿನ ಹಬೆ ಕಣ್ಣಿಗೆ ಹೊಡೆಯಿತು ಎಂದೇ ಇಟ್ಟುಕೊಳ್ಳಿ.

ಪಂಕ್ತಿ ಶುರುವಾಯಿತು. ಬಡಿಸಿದವರು ಬೀದಿಯವರೇ. ಕಾವ್ಯ ಮುನಿಶಾಮಣ್ಣನವರ ಎಲೆಗೆ ಮುದ್ದೆ ಇಟ್ಟಳು. ಅವರು ಮುರಿದು, ಅದ್ದಿ, ನುಂಗಿ, ಕಣ್ಣು ಮುಚ್ಚಿದರು. ಅಣ್ಣ ಉಸಿರು ಬಿಗಿಹಿಡಿದ.

"ಇನ್ನೊಂದು ಇಡವ್ವ," ಎಂದರು ಅವರು. "ಕಾಲು ಉಳುಕಿದ್ರೂ ನಿಮ್ಮ ಚಿಕ್ಕಮ್ಮ ಕುಂಟ್ಕೊಂಡು ಬಂದು ನಮಗೆ ಕೈಕಾಲಿಗೆ ನೀರು ಕೊಟ್ರು. ಮಗ್ಗ ನಿಲ್ಸಿ ಬಡಿಸೋ ಬೀದಿ ಎಲ್ಲಿದೆ ಹೇಳು? ಒಳ್ಳೆ ಕಡೆ ಹೆಣ್ಣು ತಂದಿದೀವಿ."

ಕಾವ್ಯ ನಕ್ಕಳು. ಅಣ್ಣನಿಗೆ ಉಸಿರು ಬಂತು.

ಆಮೇಲೆ ಮುನಿಶಾಮಣ್ಣ ಎಡಗೈಯಲ್ಲಿ ಫೋನು ತೆಗೆದು ನನ್ನ ಕಡೆ ಹಿಡಿದರು. "ಗಂಡಿನ ಹೆಸರಿಲ್ಲ, ಹೆಣ್ಣಿನ ಹೆಸರಿಲ್ಲ. ನಿಂದೊಂದೇ ಇದೆ. ಮದುವೆ ಯಾರದ್ದಪ್ಪಾ?"

ಇಡೀ ಪಂಕ್ತಿ ನಕ್ಕಿತು. ಹೆಚ್ಚು ನಕ್ಕವಳು ಸ್ಟೂಲಿನ ಮೇಲೆ ಕಾಲಿಟ್ಟುಕೊಂಡಿದ್ದವಳು.

ಆ ಪುಟ ಈಗಲೂ ಇದೆ. ಮೊನ್ನೆ ಹೊಸ ಫೋನು ತೆಗೆದುಕೊಂಡಾಗ ತೆರೆದು ನೋಡಿದೆ. ಗಂಡು ಹೆಣ್ಣಿನ ಹೆಸರು ಬಂತು, ನಕ್ಷೆ ಬಂತು, ಮಾವಿನ ತೋಪೂ ಬಂತು. ನನ್ನ ಹೆಸರು ಮಾತ್ರ ಎಷ್ಟು ಕೆಳಗೆ ಎಳೆದರೂ ಬರಲಿಲ್ಲ.

ಲಲಿತಳಿಗೆ ತೋರಿಸಿದೆ.

"ನೋಡಿದ್ರಾ," ಎಂದಳು, "ಈಗ ಸರಿಯಾದ ಬ್ರೌಸರ್ ಸಿಕ್ತು!"