ಸರ್, ಫೋನ್ ಮೇಡಂಗೆ ಕೊಡಿ

ಗಂಟಲು ಹಂಚೋ ದಿನ ದೇವರ ಆಫೀಸಲ್ಲಿ ಏನೋ ಗಡಿಬಿಡಿ ಆಗಿರ್ಬೇಕು. ಅಳಿಯನಿಗೆ ಕೊಡಬೇಕಾಗಿದ್ದ ಗಂಟಲನ್ನ ಅತ್ತೆಗೆ ಕೊಟ್ಟು, ಅತ್ತೆಗೆ ಅಂತ ಎತ್ತಿಟ್ಟಿದ್ದನ್ನ ಅಳಿಯನ ಕತ್ತಿನೊಳಗೆ ತುರುಕಿ, "ಮುಂದಿನೋರು ಬನ್ನಿ" ಅಂತ ಕೂಗಿಬಿಟ್ಟಿದಾರೆ. (ಅತ್ತೆ ಮೊದಲು ಹುಟ್ಟಿದ್ದಲ್ವಾ, ಅದು ಹೆಂಗೆ ಅದಲು ಬದಲು ಆಗತ್ತೆ ಅಂತ ಲೆಕ್ಕ ಹಾಕ್ಬೇಡಿ. ಆಫೀಸು ಅಂದ್ಮೇಲೆ ಫೈಲು ವರ್ಷಗಟ್ಟಲೆ ಓಡಾಡತ್ತೆ.)

ನಮ್ಮ ಅಳಿಯ ಮಹಾಶಯರನ್ನ ಎದುರಿಗೆ ನೋಡಿದ್ರೆ ಯಾವ ಅನುಮಾನಾನೂ ಬರಲ್ಲ. ಮೀಸೆ ಇದೆ, ಹೊಟ್ಟೆ ಇದೆ, ತಲೆ ಮೇಲಿನ ಕೂದಲು ದೀರ್ಘ ರಜೆ ಮೇಲೆ ಹೋಗಿದೆ. ಕನ್ನಡಕದ ಅಂಗಡೀಲಿ ಬೆಳಿಗ್ಗೆಯಿಂದ ಸಂಜೆವರೆಗೂ "ಈಗ ಕಾಣ್ಸತ್ತಾ? ಈಗ? ಮೊದಲನೇದು ಚೆನ್ನಾಗಿದ್ಯಾ, ಎರಡನೇದಾ?" ಅಂತ ಕೇಳೋ ಕೆಲಸ. ಆದರೆ ಫೋನ್ ಎತ್ತಿದ್ರು ಅಂದ್ರೆ ಮುಗೀತು. ಮೀಸೆ ಫೋನಲ್ಲಿ ಕಾಣ್ಸಲ್ವಲ್ಲ! ಕೊರಿಯರಿನವನು "ಅಕ್ಕಾ, ಗೇಟ್ ತೆಗೀರಿ" ಅಂತಾನೆ. ಬ್ಯಾಂಕಿನೋರು ಮಹಿಳೆಯರ ಉಳಿತಾಯ ಯೋಜನೆ ವಿವರಿಸ್ತಾರೆ. ಲೆನ್ಸ್ ಕಳಿಸೋ ವ್ಯಾಪಾರಿಯಂತೂ "ಆ ಅಂಗಡಿಯ ಮೇಡಂ ಸ್ವರ ಕೇಳಿದ್ರೆ ದಿನವೇ ಚೆನ್ನಾಗಿರತ್ತೆ" ಅಂತ ಊರೆಲ್ಲ ಹೇಳ್ಕೊಂಡು ಬಂದು, ಒಂದಿನ ಹೂಗುಚ್ಛ ಹಿಡ್ಕೊಂಡು ಅಂಗಡಿಗೇ ಬಂದ. ಮೀಸೆ ನೋಡಿದ. ಹೂಗುಚ್ಛ ವಾಪಸ್ ತಗೊಂಡು ಹೋದ. ಬಿಲ್ ಮಾತ್ರ ಇಟ್ಟು ಹೋದ.

ಇನ್ನು ಅತ್ತೆ. ಹೆಣ್ಣುಮಕ್ಕಳ ಶಾಲೇಲಿ ಡ್ರಿಲ್ ಮೇಡಂ ಆಗಿ ನಿವೃತ್ತಿ ಆದೋರು. ಮೈದಾನದ ಆ ತುದೀಲಿರೋ ಹುಡುಗಿಗೆ ಈ ತುದಿಯಿಂದ "ಲೇಸ್ ಕಟ್ಟು!" ಅಂದ್ರೆ, ಪಕ್ಕದ ರಸ್ತೇಲಿ ಹೋಗೋರೂ ಬಗ್ಗಿ ತಮ್ಮ ಲೇಸ್ ನೋಡ್ಕೋತಿದ್ರಂತೆ. ಎರಡು ರಸ್ತೆ ಆಚೆ ಒಂದು ಮಹಡಿ ಮನೇಲಿ ತಮ್ಮ ಪಾಡಿಗೆ ತಾವಿದ್ರು. ಅಳಿಯನಿಗೆ ಕೇಳಿದ್ರೆ, ಎರಡು ರಸ್ತೆ ಅನ್ನೋದು ಅತ್ತೆ-ಅಳಿಯನ ಬಾಂಧವ್ಯಕ್ಕೆ ಹೇಳಿ ಮಾಡಿಸಿದ ದೂರ. ಪ್ರೀತಿ ತಲುಪತ್ತೆ, ಧ್ವನಿ ತಲುಪಲ್ಲ.

ಅಷ್ಟರಲ್ಲಿ ಅತ್ತೆಯ ಟಿವಿ ಕೆಡ್ತು. ನೀಲಿ ಪರದೆ ಮೇಲೆ "ಸಿಗ್ನಲ್ ಇಲ್ಲ" ಅನ್ನೋ ಒಂದು ಡಬ್ಬಿ ಈ ಮೂಲೆಯಿಂದ ಆ ಮೂಲೆಗೆ ವಾಕಿಂಗ್ ಹೊರಟಿತ್ತಂತೆ. ಅತ್ತೆ ಅದನ್ನ ಸ್ವಲ್ಪ ಹೊತ್ತು ನೋಡಿ, ಅದೂ ಬೇಜಾರಾಗಿ, ತಾವೇ ವಾಕಿಂಗ್ ಹೊರಟು ಮಗಳ ಮನೆಗೆ ಬಂದ್ರು.

"ಅಳಿಯಂದಿರೇ, ಟಿವಿ ಸರಿ ಆಗೋವರೆಗೆ ಅಷ್ಟೇ!" ಅಂದ್ರು. ಕಿಟಕಿ ಗಾಜೂ ಹೂಂಗುಟ್ತು.

ಅಷ್ಟೇ ಅಂದೋರ ಕೈಲಿ ಸ್ವಂತ ದಿಂಬಿತ್ತು. ದಿಂಬು ತಂದವರು ಅಷ್ಟಕ್ಕೇ ಎದ್ದು ಹೋಗಲ್ಲ ಅನ್ನೋದು ಅಳಿಯನಿಗೆ ಆಗಲೇ ಗೊತ್ತಾಯ್ತು.

ಅಳಿಯನಿಗೆ ಈ ಜೀವನದಲ್ಲಿ ಇದ್ದಿದ್ದು ಒಂದೇ ಒಂದು ಸುಖ ಸ್ವಾಮಿ. ಸಂಜೆ ಅಂಗಡಿಯಿಂದ ಬಂದು, ಸೋಫಾದ ಎಡಗಡೆ ಮೂಲೇಲಿ ತಮ್ಮ ಬೆನ್ನಿನ ಅಳತೆಗೆ ಸರಿಯಾಗಿ ಗುಳಿ ಬಿದ್ದ ಜಾಗದಲ್ಲಿ ಕೂತು, ಟೀ ಕುಡೀತಾ ಕಾಡುಪ್ರಾಣಿಗಳ ಕಾರ್ಯಕ್ರಮ ನೋಡೋದು. ಹುಲಿ ಜಿಂಕೆಯನ್ನ ಅಟ್ಟಿಸ್ಕೊಂಡು ಹೋಗೋವಾಗ ಅವರಿಗೆ ಏನೋ ಸಮಾಧಾನ. ತನಗಿಂತ ಕೆಟ್ಟ ದಿನ ಕಂಡೋರು ಇನ್ನೊಬ್ರಿದಾರಲ್ಲ ಅಂತ.

ಈಗ ಆ ಗುಳೀಲಿ ಅತ್ತೆ. ಟಿವೀಲಿ ಸೀರಿಯಲ್ಲು. ಸೀರಿಯಲ್ಲಿನ ಸೊಸೆ ಅಳ್ತಿದ್ರೆ ಅತ್ತೆ "ಏಯ್, ಬೆನ್ನು ನೇರ ಮಾಡ್ಕೊಂಡು ಅಳೇ!" ಅಂತ ಗದರೋರು. ಮೂಲೇಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಮುದುರಿ ಕೂತ ಅಳಿಯನೂ ತಟ್ಟಂತ ಬೆನ್ನು ನೇರ ಮಾಡ್ಕೋತಿದ್ರು. "ನಿಮಗಲ್ಲ ಅಳಿಯಂದಿರೇ" ಅಂತ ಅತ್ತೆ ತಿರುಗಿ ನೋಡಿ, "ಆದ್ರೂ ಪರವಾಗಿಲ್ಲ, ಹಂಗೇ ಇರಿ" ಅನ್ನೋರು.

ಟಿವಿ ಸರಿ ಆದ್ರೆ ತಾನೇ ಅತ್ತೆ ಹೋಗೋದು? ಟಿವಿ ಕಂಪನಿಗೆ ಮೊದಲು ಅತ್ತೆಯೇ ಫೋನ್ ಮಾಡಿದ್ರು.

"ಸರ್, ಈ ಖಾತೆ ಒಬ್ರು ಮೇಡಂ ಹೆಸರಲ್ಲಿದೆ. ದಯವಿಟ್ಟು ಫೋನ್ ಮೇಡಂಗೆ ಕೊಡಿ" ಅಂದ್ಲು ಆ ಕಡೆಯ ಹುಡುಗಿ.

"ನಾನೇ ಕಣಮ್ಮಾ ಮೇಡಂ!"

"ಸರ್, ತಮಾಷೆ ಮಾಡ್ಬೇಡಿ."

"ಯಾರೇ ಅದು ಸರ್? ಎದ್ದು ನಿಂತ್ಕೊಂಡು ಮಾತಾಡು!"

ಹುಡುಗಿ ಎದ್ದು ನಿಂತ್ಲೋ ಏನೋ, ಲೈನಂತೂ ಕಟ್ಟಾಯ್ತು.

ಆಮೇಲೆ ಹೆಂಡತಿ ಪ್ರಯತ್ನ. "ನಾನು ಅವರ ಮಗಳು" ಅಂದ್ಲು. ಮಗಳಾದ್ರೆ ಆಗಲ್ಲ, ಖಾತೆದಾರರೇ ಬೇಕು ಅಂದ್ರು. ಇನ್ನೊಂದು ಸಲ ಮಾಡಿ "ನಾನೇ ಅವರು" ಅಂದ್ಲು. ಹೇಳಿ ಮುಗಿಸೋದ್ರೊಳಗೆ ಕಿಸಕ್ಕನೆ ನಕ್ಕುಬಿಟ್ಲು. ಆ ಕಡೆಯೋರು ಫೋನ್ ಇಟ್ಟುಬಿಟ್ರು.

"ಏನೇ ನಿಂದು?" ಅಂದ್ರು ಅಳಿಯ.

"ನಾನೇನ್ ಮಾಡ್ಲಿ ರೀ, ಸುಳ್ಳು ಹೇಳಿದ್ರೆ ನಂಗೆ ನಗು ಬರತ್ತೆ. ಚಿಕ್ಕೋಳಿದ್ದಾಗಿಂದ ಹಂಗೇ."

ಅಳಿಯನಿಗೆ ತಟ್ಟಂತ ಹಳೇದೊಂದು ನೆನಪಾಯ್ತು. ಮದುವೆಗೆ ಮುಂಚೆ ಇವಳು "ನಮ್ಮಮ್ಮ ಯಾರ ಮನೇಲೂ ಒಂದು ರಾತ್ರಿಗಿಂತ ಜಾಸ್ತಿ ನಿಲ್ಲಲ್ಲ" ಅಂದಾಗ ಎಷ್ಟು ಮುದ್ದಾಗಿ ನಕ್ಕಿದ್ಲು! ಅದನ್ನ ನಾಚಿಕೆ ಅಂದ್ಕೊಂಡಿದ್ದ ಪೆದ್ದ ಯಾರು? ಇವರೇ.

ತಾಯಿ-ಮಗಳು ಇಬ್ರೂ ಒಟ್ಟಿಗೆ ತಿರುಗಿ ಅಳಿಯನ ಕಡೆ ನೋಡಿದ್ರು. ಅವರ ಗಂಟಲಿನ ಕಡೆ.

"ಆಗಲ್ಲ" ಅಂದ್ರು ಅಳಿಯ. "ನನಗೂ ಒಂದು ಮಾನ ಅಂತಿದೆ."

"ನೀವು ಸುಳ್ಳೇನೂ ಹೇಳ್ಬೇಡಿ ರೀ" ಅಂದ್ಲು ಹೆಂಡತಿ. "ಅವರಾಗೇ ಮೇಡಂ ಅಂತಾರೆ. ನೀವು ತಿದ್ದೋಕೆ ಹೋಗ್ಬೇಡಿ, ಅಷ್ಟೇ."

ಅಳಿಯ ಪ್ಲಾಸ್ಟಿಕ್ ಕುರ್ಚಿ ನೋಡಿದ್ರು. ಸೋಫಾದ ಗುಳಿ ನೋಡಿದ್ರು. ಅದು ಆಗಲೇ ಅತ್ತೆಯ ಬೆನ್ನಿನ ಆಕಾರಕ್ಕೆ ಬದಲಾಗ್ತಾ ಇತ್ತು. ಮಾನ ಆಮೇಲೆ ಸಂಪಾದಿಸ್ಬಹುದು ಅಂತ ಫೋನ್ ಎತ್ಕೊಂಡ್ರು.

ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ, ಆಮೇಲೆ ಕೊಳಲು. ಆ ಕೊಳಲು ಊದಿದವನಿಗೆ ಉಸಿರು ನಿಲ್ಲೋದೇ ಇಲ್ವೇನೋ ಅನ್ನಿಸೋಷ್ಟು ಹೊತ್ತು ಕೊಳಲು. ಕೊನೆಗೆ ಒಂದು ಸಿಹಿ ಧ್ವನಿ: "ನಮಸ್ಕಾರ ಮೇಡಂ, ಏನು ಸಹಾಯ ಮಾಡ್ಲಿ?"

ಮೇಡಂ! ಅಳಿಯ ಹಲ್ಲು ಕಚ್ಚಿಕೊಂಡು ತಿದ್ದದೆ ಸುಮ್ಮನಿದ್ರು.

"ಭದ್ರತೆಗೋಸ್ಕರ ನೀವು ಹುಟ್ಟಿದ ವರ್ಷ ಹೇಳ್ತೀರಾ ಮೇಡಂ?"

ಅಳಿಯ ಅತ್ತೆ ಕಡೆ ನೋಡಿದ್ರು. ಅತ್ತೆ ಆ ವರ್ಷವನ್ನ ಹೆತ್ತ ಮಗಳಿಗೂ ಹೇಳಿದೋರಲ್ಲ. ಬಗ್ಗಿ ಅಳಿಯನ ಕಿವೀಲಿ ಪಿಸುಗುಟ್ಟಿದ್ರು. ಅತ್ತೆ ಪಿಸುಗುಟ್ಟೋದು ಅಂದ್ರೆ ಬೇರೆಯವರು ಕಿರುಚೋದು. ಎದುರುಮನೆ ನಾಯಿ ಬೊಗಳಿತು. ಎದುರುಮನೆಯೋರಿಗೆ ಅತ್ತೆಯ ವಯಸ್ಸು ಗೊತ್ತಾಯ್ತು.

"ಮೇಡಂ, ಹಿಂದೆ ಯಾರೋ ಗಂಡಸರು ಕೂಗಾಡ್ತಾ ಇದಾರಲ್ಲ? ಯಾರದು?"

"ಅದು... ಅದು ಅಳಿಯ" ಅಂದುಬಿಟ್ರು ಅಳಿಯ.

ಹೆಂಡತಿ ಬಾಯಿಗೆ ಟವೆಲ್ ಒತ್ತಿಕೊಂಡು, ಅಮ್ಮನ್ನ ಅಡುಗೆಮನೆಗೆ ಎಳ್ಕೊಂಡು ಹೋಗಿ ಬಾಗಿಲು ಹಾಕಿದ್ಲು.

"ಅಯ್ಯೋ ಪಾಪ, ಅಳಿಯ ಯಾವಾಗ್ಲೂ ಹಿಂಗೇನಾ ಮೇಡಂ?"

ಇಲ್ಲಿ ಒಂದು ಮಾತು ಹೇಳ್ಬೇಕು. ನಮ್ಮ ಅಳಿಯನಿಗೆ ಯಾರಾದ್ರೂ "ಅಯ್ಯೋ ಪಾಪ" ಅಂದು ಎಷ್ಟು ಕಾಲ ಆಗಿತ್ತೋ. ಅಂಗಡಿಗೆ ಬರೋರು ಕಾಣ್ಸಲ್ಲ ಅಂತ ಬೈತಾರೆ, ಕಾಣ್ಸಿದ್ಮೇಲೆ ಚೆನ್ನಾಗಿಲ್ಲ ಅಂತ ಬೈತಾರೆ. ಕಟ್ಟೆ ಒಡೀತು.

"ಏನು ಹೇಳ್ಲಮ್ಮಾ! ಬಂದು ಸೋಫಾ ಮೇಲೆ ಕೂತ್ರೆ ಏಳೋ ಮಾತೇ ಇಲ್ಲ. ರಿಮೋಟ್ ಮುಟ್ಟೋ ಹಾಗಿಲ್ಲ. ಟೀ ಕುಡಿದ್ರೆ ಸದ್ದು ಮಾಡ್ಬೇಡ, ಕೂತ್ರೆ ಬೆನ್ನು ನೇರ ಮಾಡು! ಟಿವಿ ನೋಡಿದ್ರೆ ಆ ಮನೇಲಿ ಕೆಟ್ಟು ಕೂತಿದೆ, ಈ ಮನೇಲಿ ನನಗೆ ಉಳಿದಿರೋದು ಒಂದು ಪ್ಲಾಸ್ಟಿಕ್ ಕುರ್ಚಿ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಆ ಹುಡುಗಿ ಇದನ್ನೆಲ್ಲ ಬರ್ಕೊಳ್ತಿದ್ದಿದ್ದು ಅಳಿಯನ ಲೆಕ್ಕಕ್ಕೆ ಅನ್ನೋದು ಅಳಿಯನಿಗೇ ಮರೆತುಹೋಗಿತ್ತು.

ಆ ಹುಡುಗಿ ಮೂಗು ಎಳೆದ ಸದ್ದಾಯ್ತು. "ಮೇಡಂ, ನನಗೂ ಒಬ್ಬ ಅಜ್ಜಿ ಇದಾರೆ. ನಿಮ್ಮ ಕೆಲಸ ನಾನೇ ಮುಂದೆ ನಿಂತು ಮಾಡಿಸ್ತೀನಿ. ಶಿಫ್ಟಿಂಗಿಗೆ ಹಾಕ್ಲಾ?"

ಅಳಿಯನಿಗೆ ಅಂಗಡೀಲಿ ಬೆಳಗಿನ ಶಿಫ್ಟು, ಸಂಜೆ ಶಿಫ್ಟು ಎರಡೇ ಗೊತ್ತು. ರಿಪೇರಿಯವನು ಯಾವ ಶಿಫ್ಟಲ್ಲಿ ಬರ್ಬೇಕು ಅಂತ ಕೇಳ್ತಿದಾಳೆ ಅಂದ್ಕೊಂಡ್ರು. "ಹಾಕಮ್ಮಾ, ಬೆಳಗಿನದಕ್ಕೇ ಹಾಕು!"

"ಈಗ ನೀವಿರೋ ಮನೆ ವಿಳಾಸ ಹೇಳಿ ಮೇಡಂ."

ಇದೂ ಭದ್ರತೆಗೆ ಇರ್ಬೇಕು ಅಂತ ತಮ್ಮ ಮನೆ ವಿಳಾಸವನ್ನ ಮನೆ ಬಣ್ಣದ ಸಮೇತ ಹೇಳಿದ್ರು.

ಮಾರನೇ ದಿನ ಅಂಗಡೀಲಿ ಅವರ ಖುಷಿ ನೋಡ್ಬೇಕಿತ್ತು. ಹಾಡು ಗುನುಗ್ತಾ ಒಬ್ರ ಕನ್ನಡಕಕ್ಕೆ ಇನ್ನೊಬ್ರ ಗಾಜು ಹಾಕಿ, ಇಬ್ರಿಗೂ "ಅಭ್ಯಾಸ ಆಗತ್ತೆ" ಅಂದು ಕಳಿಸಿದ್ರು. ಸಂಜೆ ಮನೆಗೆ ಬಂದ್ರೆ ಬಾಗಿಲಲ್ಲೇ ಅತ್ತೆ. ಕಣ್ಣಲ್ಲಿ ನೀರು.

"ಅಳಿಯಂದಿರೇ! ಇಲ್ಲೇ ಇದ್ದುಬಿಡಿ ಅಂತ ನನ್ನೆದುರಿಗೆ ಹೇಳೋಕೆ ಸಂಕೋಚ ಪಟ್ಕೊಂಡು, ಹಿಂದಿನಿಂದ ಎಲ್ಲಾ ವ್ಯವಸ್ಥೆ ಮಾಡ್ಬಿಟ್ರಲ್ಲ!"

ಅಳಿಯನಿಗೆ ತಲೆಬುಡ ಅರ್ಥ ಆಗ್ಲಿಲ್ಲ. ತಲೆ ಎತ್ತಿ ನೋಡಿದ್ರೆ ತಾರಸಿ ಮೇಲೆ ಅವರ ಡಿಶ್ ಪಕ್ಕದಲ್ಲಿ ಇನ್ನೊಂದು ಡಿಶ್. ಟಿವಿ ಕಂಪನಿಯ ಮೆಕ್ಯಾನಿಕ್ ಸ್ಕ್ರೂ ತಿರುಗಿಸ್ತಾ ಇದ್ದ. "ಆ ಮನೆಯಿಂದ ಕಳಚಿ ಇಲ್ಲಿಗೆ ಶಿಫ್ಟಿಂಗ್ ಆಯ್ತು ಸರ್. ಕಂಪನಿಗೆ ಫೋನ್ ಹಚ್ತೀನಿ, ಖಾತೆದಾರ ಮೇಡಂ 'ಸರಿ' ಅಂದ್ರೆ ಮುಗೀತು. ಬೇಡ ಅಂದ್ರೆ ಎಲ್ಲಾ ವಾಪಸ್ ಅಲ್ಲೇ ಹಾಕ್ತೀವಿ."

ಬೇಡ ಅಂದ್ರೆ ವಾಪಸ್! ಅಳಿಯನಿಗೆ ಹೋದ ಜೀವ ಬಂತು. ಅಮ್ಮ ಮಾತಾಡಿದ್ರೆ ಮತ್ತೆ ಸರ್ ಅಂತಾರೆ ಅಂತ ಹೆಂಡತಿಯೇ ಫೋನ್ ತಂದು ಅವರ ಕೈಗಿಟ್ಲು. ಮೆಕ್ಯಾನಿಕ್ಕಿಗೂ ಕೇಳ್ಬೇಕಲ್ಲ ಅಂತ ಸ್ಪೀಕರ್ ಹಾಕಿದ್ಲು. ಅಳಿಯ ಬೆನ್ನು ತಿರುಗಿಸಿ ಬಾಯಿ ತೆಗೆದ್ರು.

"ಹಲೋ..."

"ಮೇಡಂ! ನಾನೇ, ನಿನ್ನೆಯ ಹುಡುಗಿ. ಹೇಗಿದೀರಿ? ನಿನ್ನೆ ಹೇಳಿದ್ರಲ್ಲ, ಸೋಫಾ ಬಿಟ್ಟು ಏಳಲ್ಲ, ರಿಮೋಟ್ ಕೊಡಲ್ಲ, ಬೆನ್ನು ನೇರ ಮಾಡು ಅಂತ ಜೀವ ತಿಂತಾರೆ ಅಂತ..."

ಅತ್ತೆಯ ಕಣ್ಣಿನ ನೀರು ನಿಂತಲ್ಲೇ ನಿಂತಿತು. ಹುಬ್ಬು ಮೇಲೆ ಹೋಯ್ತು. ಶಾಲೆಯ ಮೈದಾನದಲ್ಲಿ ಆ ಹುಬ್ಬು ನೋಡಿದ ಹುಡುಗೀರು ಓಡೋಕೆ ಶುರು ಮಾಡ್ತಿದ್ರಂತೆ.

"ಇಲ್ಲಮ್ಮಾ!" ಅಂತ ಕೂಗಿದ್ರು ಅಳಿಯ. "ನನ್ನ ಅಳಿಯ ಅಪ್ಪಟ ಬಂಗಾರ! ಅವನಿಗೆ ನನ್ನ ಕಂಡ್ರೆ ಪ್ರಾಣ! ನಾನು ಇನ್ನು ಇಲ್ಲೇ ಇರ್ತೀನಿ, ಎಲ್ಲಾ ಸರಿ, ಸರಿ, ಸರಿ!"

"ಮೂರು ಸಲ ಸರಿ ಅಂದ್ರಿ, ನೋಂದಾಯಿಸ್ಕೊಂಡೆ ಮೇಡಂ. ಶುಭವಾಗ್ಲಿ."

ಅತ್ತೆಯ ಹುಬ್ಬು ಕೆಳಗಿಳೀತು. ಅಳಿಯನೂ ಇಳಿದುಹೋದ್ರು, ಪ್ಲಾಸ್ಟಿಕ್ ಕುರ್ಚಿಗೆ.

ಮೆಕ್ಯಾನಿಕ್ ಒಳಗೆ ಬಂದು ಟಿವಿ ಹಿಂದೆ ಇಣುಕಿದ. "ಇರೋದು ಒಂದೇ ಟಿವಿ. ಕನೆಕ್ಷನ್ ಎರಡು ಯಾಕೆ ಸರ್? ಹಳೇದನ್ನ ನಿಲ್ಲಿಸ್ಬಿಡಿ."

"ಹೌದು ರೀ" ಅಂದ್ಲು ಹೆಂಡತಿ. "ಅಮ್ಮನದರಲ್ಲಿ ಎಲ್ಲಾ ಸೀರಿಯಲ್ಲೂ ಬರತ್ತೆ."

"ಹುಲಿ ಬರತ್ತಾ?"

"ಹುಲಿ ಬರಲ್ಲ."

ಅಳಿಯ ಕುರ್ಚಿಯಿಂದ ಎದ್ದು ನಿಂತ್ರು. ಎದೆ ಸೆಟೆಸಿದ್ರು. "ಅದು ನನ್ನ ಹೆಸರಲ್ಲಿದೆ. ಖಾತೆದಾರನೇ ಬಾಯಿ ಬಿಟ್ಟು ಹೇಳ್ಬೇಕು, ಅದು ಕಂಪನಿ ರೂಲ್ಸು! ನಾನು ಸತ್ರೂ ಹೇಳಲ್ಲ. ಯಾರು ನಿಲ್ಲಿಸ್ತಾರೋ ನೋಡೇಬಿಡ್ತೀನಿ!"

ಅತ್ತೆ ಅವರ ಕೈಯಿಂದ ಮೆಲ್ಲಗೆ ಫೋನ್ ತಗೊಂಡ್ರು. ಒಂದು ಒತ್ತಿದ್ರು, ಎರಡು ಒತ್ತಿದ್ರು, ಕೊಳಲು ಕೇಳಿದ್ರು. ಆ ಕಡೆ ಯಾರೋ ಎತ್ತಿದ ಕೂಡಲೇ ಅಳಿಯನ ಹೆಸರು ಹೇಳಿ "ಖಾತೆದಾರ ಮಾತಾಡ್ತಿರೋದು!" ಅಂದ್ರು.

"ಹೇಳಿ ಸರ್, ಏನು ಸೇವೆ ಮಾಡ್ಲಿ?" ಎಂಥಾ ಮರ್ಯಾದೆ! ಆ ಹೆಸರಿಗೆ ಅಷ್ಟು ಮರ್ಯಾದೆ ಫೋನಲ್ಲಿ ಸಿಕ್ಕಿದ್ದು ಅದೇ ಮೊದಲು.

"ಕನೆಕ್ಷನ್ ನಿಲ್ಲಿಸ್ಬೇಕು."

"ಹುಟ್ಟಿದ ದಿನ ಹೇಳಿ ಸರ್."

ಹೆಂಡತಿ ಅಮ್ಮನ ಕಿವೀಲಿ ಹೇಳಿದ್ಲು. ಅವಳಿಗೆ ಗಂಡ ಹುಟ್ಟಿದ ದಿನ ಜ್ಞಾಪಕ ಬಂದಿದ್ದು ಮದುವೆ ಆದ್ಮೇಲೆ ಇದೇ ಮೊದಲು.

"ಏಯ್, ಖಾತೆದಾರ ನಾನು! ನಾನು ಕಣ್ರೀ! ನಿಲ್ಲಿಸ್ಬೇಡಿ!" ಅಂತ ಅಳಿಯ ಹಿಂದಿನಿಂದ ತಮ್ಮ ಗಂಟಲಲ್ಲಿದ್ದಷ್ಟೂ ಶಕ್ತಿ ಹಾಕಿ ಕಿರುಚಿದ್ರು. ಕಿರುಚಿದಷ್ಟೂ ಸ್ವರ ಇನ್ನೂ ತೆಳ್ಳಗಾಯ್ತು.

"ಸರ್, ಹಿಂದೆ ಯಾರೋ ಮೇಡಂ ಕೂಗಾಡ್ತಾ ಇದಾರಲ್ಲ? ಯಾರದು?"

ಅತ್ತೆ ಒಂದು ಸಲ ತಿರುಗಿ ನೋಡಿದ್ರು. ಬೆನ್ನು ನೇರ ಮಾಡ್ಕೊಂಡ್ರು.

"ಅದು ನಮ್ಮತ್ತೆ" ಅಂದ್ರು. "ನೀವು ನಿಲ್ಲಿಸಿ."