ತಣ್ಣನೆಯ ಗ್ಯಾಸು, ಕರ್ಪೂರದ ಆರತಿ

ರಾಯಚೂರಿನ ಬಿಸಿಲಿನಲ್ಲಿ ಎಲ್ಲರಿಗೂ ಬೆವರು ಬರುವುದು ಶೆಕೆಗೆ, ಎ.ಸಿ., ಫ್ರಿಜ್ ರಿಪೇರಿ ಮಾಡುವ ನನಗೆ ಅಂಜಿಕೆಗೆ. ಶಿವನ ದಯೆಯಿಂದ ಇಷ್ಟು ವರ್ಷ ಕೈಕಾಲು ನೆಟ್ಟಗಿವೆ. ಆದರೆ ಹೊಸ ಗ್ಯಾಸಿನ ಮಷೀನುಗಳು ಬಂದಮೇಲೆ ಎದೆ ಧಸಕ್ಕೆನ್ನುವ ಪ್ರಸಂಗಗಳಿಗೆ ಬರವಿಲ್ಲ.

೧. ಕೈಮುಗಿದದ್ದು

ನಮ್ಮಂಥ ಮೆಕ್ಯಾನಿಕರಿಗೆ ರಾಯಚೂರಿನಲ್ಲಿ ಎರಡು ದಿನ ತರಬೇತಿ ಇತ್ತು. ಹಳೆಯ ಗ್ಯಾಸು ಸೋರಿ ಮೇಲೆ ಹೋದರೆ ಭೂಮಿ ಇನ್ನಷ್ಟು ಕಾಯುತ್ತದೆ, ಹೊಸದು ಹಾಗಲ್ಲ, ಮಷೀನು ಕರೆಂಟನ್ನೂ ಕಮ್ಮಿ ಎಳೆಯುತ್ತದೆ ಎಂದರು ಕಲಿಸುವವರು. ದೇವರು ಕೊಟ್ಟ ಗಾಳಿಯನ್ನು ಇಷ್ಟು ದಿನ ಕೆಡಿಸಿದ್ದಕ್ಕೆ ಪ್ರಾಯಶ್ಚಿತ್ತ ಸಿಕ್ಕಿತಲ್ಲ ಎಂದು ಕೈಮುಗಿದೆ.

"ಒಂದ ಮಾತು," ಅಂದರು ಅವರು. "ಇದು ಅಡಗಿ ಸಿಲಿಂಡರಿನ ಗ್ಯಾಸಿನ ಜಾತಿ. ತೆರೆದಾಗ ಕಿಡಿ ಸೋಕಿದ್ರ ಭಗ್ಗನ ಹತ್ಕೊಂತದ."

ಮುಗಿದ ಕೈ ಹಾಗೇ ಉಳಿಯಿತು. ಕಾರಣ ಮಾತ್ರ ಬದಲಾಯಿತು.

೨. ದೇವದುರ್ಗದ ಫ್ರಿಜ್ಜು

ದೇವದುರ್ಗದ ನಿವೃತ್ತ ಮಾಸ್ತರರಿಗೆ ಕರೆಂಟ್ ಉಳಿಸುವ ಹೊಸ ಫ್ರಿಜ್ಜು ಕೊಡಿಸಿದೆ. ಸುಳ್ಳು ಹೇಳಬಾರದೆಂದು ಗ್ಯಾಸಿನ ಜಾತಿಯನ್ನೂ ಹೇಳಿದೆ. "ಚಿಟಿಕಿಯಷ್ಟ ಇರ್ತದ್ರೀ, ಪೈಪಿನ್ಯಾಗ ಭದ್ರ ಇರ್ತದ" ಎಂದೂ ಹೇಳಿದೆ. ಮಾಸ್ತರರ ಹೆಂಡತಿಗೆ ಮೊದಲ ಮಾತಷ್ಟೇ ಕೇಳಿಸಿತ್ತು.

ವಾರ ಬಿಟ್ಟು ಹೋದರೆ ಫ್ರಿಜ್ಜು ಹಿಂದಿನ ಖೋಲಿಯಲ್ಲಿ ಒಂಟಿಯಾಗಿ ನಿಂತಿದೆ, ಪಕ್ಕದಲ್ಲಿ ಒಂದು ಬಕೆಟ್ ಉಸುಕು.

"ಯವ್ವಾ, ಹಾಲು ಹೆಂಗ ತಗೀತೀರಿ?"

"ಮಾಸ್ತರ್ನ ಒಳಗ ಕಳಸ್ತೀನಿ."

"ಅವರಿಗೆ ಅಂಜಿಕಿಲ್ಲೇನ್ರಿ?"

"ಅಂಜಿಕಿ ಅದ ಯಪ್ಪಾ. ಆದ್ರ ಅವರಿಗೇನರ ಆದ್ರ ನನಗ ಪಿಂಚಣಿ ಬರ್ತದ. ನನಗಾದ್ರ ಅವರಿಗೆ ಚಾ ಯಾರು ಕಾಸಿಕೊಡ್ತಾರ?"

೩. ಮಾನ್ವಿಯ ಆರತಿ

ಮಾನ್ವಿಯಲ್ಲಿ ಅಕ್ಕಿ ಗಿರಣಿ ಸಾವ್ಕಾರರ ಮನೆಗೆ ಹೊಸ ಗ್ಯಾಸಿನ ಎರಡು ಎ.ಸಿ. ಒಂದನ್ನು ಸಾವ್ಕಾರರ ಖೋಲಿಯಲ್ಲಿ ಕೂಡಿಸಿ ಮುಗಿಸಿದ್ದೆ. ಇನ್ನೊಂದು ಪಕ್ಕದಲ್ಲೇ ಇದ್ದ ಅವರ ಮುದಿ ತಾಯಿಯ ಖೋಲಿಯದು. ಗ್ಯಾಸಿನ ವಾಲ್ವ್ ತೆರೆದು, ಸೋರುತ್ತದೋ ಏನೋ ಎಂದು ಜಾಯಿಂಟಿಗೆ ಸಾಬೂನಿನ ನೊರೆ ಹಚ್ಚುತ್ತಿದ್ದೆ. ಬೆನ್ನ ಹಿಂದೆ ಗಂಟೆ ಬಾರಿಸಿದ ಸದ್ದಾಯಿತು. ತಿರುಗಿದರೆ ಸಾವ್ಕಾರರ ಅವ್ವನ ಕೈಯಲ್ಲಿ ಧಗಧಗ ಉರಿಯುವ ಕರ್ಪೂರದ ತಟ್ಟೆ! ಹೊಸ ಮಷೀನು, ಆರತಿಯಿಲ್ಲದೆ ಹೇಗೆ?

"ಯವ್ವಾ, ಅಲ್ಲೇ ನಿಲ್ರಿ! ಒಳಗ ಬರಬ್ಯಾಡ್ರಿ!"

"ಹಣಿತುಂಬ ಇಬತ್ತಿ ಬಳಕೊಂಡು ಆರತಿ ಬ್ಯಾಡ ಅಂತೀಯಲ್ಲೋ! ದೇವರ ಮ್ಯಾಲ ನಂಬಿಗಿ ಇಲ್ಲೇನು?"

"ದೇವರ ಮ್ಯಾಲ ಅದ ಯವ್ವಾ. ನಾ ಬಿಗಿ ಮಾಡಿದ ಜಾಯಿಂಟಿನ ಮ್ಯಾಲ ಇನ್ನಾ ಇಲ್ಲ."

ಗ್ಯಾಸಿನ ಸಂಗತಿ ತಿಳಿಸಿದ್ದೇ ತಡ, ಇಡೀ ಮನೆ ಅಂಗಳಕ್ಕೆ ಬಂತು. ನಾನು ಪಂಚಾಕ್ಷರಿ ಜಪಿಸುತ್ತ ಒಂದೊಂದು ಜಾಯಿಂಟೂ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಕಿಟಕಿ ತೆರೆದಿಟ್ಟು, ಸ್ವಲ್ಪ ಹೊತ್ತು ಕಾದು, ಹೊರಗೆ ಬಂದು ಹೇಳಿದೆ: "ಎಲ್ಲಾ ಭದ್ರ ಅದ. ಇನ್ನ ಬೆಳಗ್ರಿ."

ಯಾರೂ ಅಲುಗಲಿಲ್ಲ. ಸಾವ್ಕಾರರಿಗೆ ಫೋನ್ ಬಂತಂತೆ. ನಮಗಾರಿಗೂ ರಿಂಗ್ ಕೇಳಲಿಲ್ಲ. ಅವ್ವ ಆರತಿ ತಟ್ಟೆಯನ್ನು ಸೊಸೆಗೆ ಕೊಟ್ಟಳು, ಸೊಸೆ ಅದನ್ನು ಅತ್ತೆಗೇ ವಾಪಸು ದಾಟಿಸಿದಳು. ಅವ್ವ ಹೊಸ ಕರ್ಪೂರ ಹಚ್ಚಿ ನನ್ನ ಕೈಗಿತ್ತಳು. "ಭದ್ರ ಅದ ಅಂದವ ನೀನು. ನೀನ ಬೆಳಗು."

ಒಳಗೆ ಕಾಲಿಟ್ಟೆ. ಹಿಂದಿನಿಂದ ಯಾರೋ ಬಾಗಿಲು ಎಳೆದುಕೊಂಡರು! "ಶಿವನೇ, ಸ್ಪ್ಯಾನರ್ ಹಿಡಿದಾಗ ನೀನೇ ಕೈ ಹಿಡಿದಿದ್ದೆ ಅಂತ ತಿಳೀತೀನಿ," ಎಂದು ಕಣ್ಣುಮುಚ್ಚಿ ಮೂರು ಸುತ್ತು ಬೆಳಗಿದೆ. ಮಷೀನು ತನ್ನ ಪಾಡಿಗೆ ಗೋಡೆಯ ಮೇಲಿತ್ತು. ನಾನೂ ನೆಲದ ಮೇಲಿದ್ದೆ.

ಅಂಗಳದಿಂದ ಅವ್ವನ ದನಿ: "ತಮ್ಮಾ, ಅದೀಯೇನೋ?"

"ಅದೀನಿ ಯವ್ವಾ!"

"ಹಂಗಾರ ಹೊರಗ ಬರಬ್ಯಾಡ. ಬಾಜೂ ಖೋಲಿ ಮಷೀನಿಗೂ ಬೆಳಗೇ ಬಾ!"